ರೇಡಿಯೋದಲ್ಲಿ ಪೂಜಾ ಕುಣಿತ

ಕುಣಿತವನ್ನು ರೇಡಿಯೋದಲ್ಲಿ ಹಾಕುತ್ತಾರೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಸಾತನೂರಿನ ನಟರಾಜುವಿನ ಟೀ ಅಂಗಡಿಯಲ್ಲಿ ಆವತ್ತು ಕೆಮ್ಮು ಹತ್ತುವವರೆಗೂ ನಕ್ಕರು. "ನಾಳಿಂದ ಮುದ್ದೆ ಊಟಾನೂ ರೇಡಿಯೋದಲ್ಲೇ ಬಡುಸ್ತಾರಂತೆ ಕಣ್ರಪ್ಪೋ, ತಟ್ಟೆ ಇಡ್ಕಂಡು ಕೂತ್ಕಳ್ಳಿ" ಎಂದು ನಟರಾಜು ಲೋಟ ತೊಳೆಯುತ್ತಲೇ ಹೇಳಿದ. ನನಗೆ ರೇಗಿತು. ರೇಷ್ಮೆ ಇಲಾಖೆಯಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಸಿಟ್ಟು ನುಂಗಿಕೊಂಡೇ ಬಂದವನು ನಾನು; ನಿವೃತ್ತನಾದ ಮೇಲೆ ಆ ಕಷ್ಟ ಯಾಕೆ ಎಂದು ಬಿಟ್ಟಿದ್ದೇನೆ. ಆದರೆ ಆ ನಗೆಗೆಲ್ಲ ಕಾರಣನಾದ ಚೆಲುವಯ್ಯ ಬೆಂಚಿನ ತುದಿಯಲ್ಲಿ ಕೂತು ಟೀಗೆ ಬನ್ನು ಅದ್ದುತ್ತಾ, "ನಗ್ಲಿ ಬುಡಿ ಸಾ. ನಾನೇನು ಇವ್ರಿಗೆ ಕುಣೀತಾ ಇವ್ನಾ?" ಎಂದ.

ಯಾರಿಗೆ ಕುಣಿಯಲು ಹೊರಟಿದ್ದ ಎಂಬುದನ್ನು ಹೇಳುವ ಮೊದಲು ಅವನು ಯಾರೆಂದು ಹೇಳಬೇಕು.

ಚೆಲುವಯ್ಯನದು ಕಬ್ಬಾಳಿನ ಪಕ್ಕದ ಹಳ್ಳಿ. ಮನೆ ಮುಂದೆ ರಾಗಿ ಹೊಲ, ಹಿಂದೆ ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ನೋಡಲು ಹೋಗಿ ಹೋಗಿ ನನಗೆ ಅವನ ಪರಿಚಯವಾಯಿತು. ಬೇಸಾಯದಲ್ಲಿ ಅವನು ಸಾಧಾರಣ, ಹುಳು ಸಾಕುವುದರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಈ ಮಾತನ್ನು ಅವನ ಹೆಂಡತಿ ಮುನಿಯಮ್ಮ ನನಗಿಂತ ಖಾರವಾಗಿ ಹೇಳುತ್ತಾಳೆ. "ಹುಳ ಪೊರೆ ಬುಟ್ಟು ಜ್ವರದಿಂದ ಎದ್ದು ಸೊಪ್ಪಿಗೆ ಬಾಯ್ ಬುಡ್ತಿರ್ತವೆ, ನಮ್ಮೆಜಮಾನ್ರು ಪೂಜೆ ಹೊತ್ಕಂಡು ಮಾಗಡಿಗೆ ಹೊಂಟಿರ್ತಾರೆ. ಆ ಅಮ್ಮ ಬಂದು ಸೊಪ್ಪು ಕೊಯ್ತಾಳಾ?" ಎಂದು ಅವಳು ಕೇಳಿದಾಗ ಚೆಲುವಯ್ಯ ನನ್ನ ಕಡೆ ನೋಡುತ್ತಿದ್ದ. ನಾನು ತೋಟದ ಕಡೆ ನೋಡುತ್ತಿದ್ದೆ.

ಇಲ್ಲಿ ಪೂಜೆ ಎಂದರೆ ಮಂಗಳಾರತಿ ಎತ್ತುವ ಪೂಜೆಯಲ್ಲ. ಬಿದಿರಿನ ಅಗಲವಾದ ಚೌಕಟ್ಟು, ಅದರ ನಡುವೆ ಅಮ್ಮನ ಮುಖ, ಸುತ್ತ ಮನೆಮನೆಯಿಂದ ತಂದ ಸೀರೆಗಳ ನೆರಿಗೆ, ಮೇಲೆ ಹೂವು. ಇಷ್ಟನ್ನೂ ತಲೆಯ ಮೇಲಿನ ಸಿಂಬಿಯಲ್ಲಿ ನಿಲ್ಲಿಸಿಕೊಂಡು ತಮಟೆಯ ಪೆಟ್ಟಿಗೆ ಕುಣಿಯಬೇಕು. ಕುಣಿಯುವಾಗ ಕೈ ತಾಗಿಸುವಂತಿಲ್ಲ. ಕೈ ತಾಗಿತೋ, ಅಮ್ಮನ ಮೇಲೆ ನಂಬಿಕೆ ಸಾಲದಾಯಿತೆಂದು ಅರ್ಥ. ಗುಡಿಗೆ ಹೋಗಿ ಕಾಯಿ ಒಡೆದು ತಪ್ಪಾಯಿತೆಂದು ಅಡ್ಡ ಬಿದ್ದು ಬರಬೇಕು. ಚೆಲುವಯ್ಯ ಇದನ್ನು ಸೋದರಮಾವ ಬೈರಪ್ಪನಿಂದ ಕಲಿತವನು. ಅವನ ಕೈ ಮೇಲೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಕುಣಿಯುತ್ತ ಕುಣಿಯುತ್ತಲೇ ಒಂದು ಮಂಡಿ ನೆಲಕ್ಕೆ ತಾಗುವವರೆಗೆ ಇಳಿದು, ಮೇಲಿರುವ ದೇವಿ ಅಲುಗದಂತೆ ಮತ್ತೆ ಎದ್ದು ನಿಲ್ಲುವ ಒಂದು ವರಸೆಯಿದೆ. ಎಷ್ಟು ಸಲ ನೋಡಿದ್ದರೂ ಅದನ್ನು ನಾನು ಉಸಿರು ಬಿಗಿಹಿಡಿಯದೆ ನೋಡಿದ್ದಿಲ್ಲ. ಸೊಪ್ಪು ಕೊಯ್ಯಲು ಸೋಮಾರಿಯಾದ ಈ ಮನುಷ್ಯನೊಳಗೆ ಇಂಥದ್ದೊಂದು ಎಲ್ಲಿ ಅಡಗಿದೆ ಎಂದು ಬೆರಗಾಗುತ್ತಿದ್ದೆ.

ಆ ವರಸೆಯಲ್ಲಿ ಅರ್ಧ ಪಾಲು ಮುನಿಶಾಮಯ್ಯನದು. ಅವನು ತಮಟೆಯವನು. ಜನರೆಲ್ಲ ತಲೆ ಎತ್ತಿ ದೇವಿಯನ್ನು ನೋಡುತ್ತಿದ್ದರೆ ಅವನ ಕಣ್ಣು ಚೆಲುವಯ್ಯನ ಕಾಲಿನ ಮೇಲಿರುತ್ತಿತ್ತು. ಕಾಲು ಸೋತಿತೆನಿಸಿದರೆ ಪೆಟ್ಟನ್ನು ತಡೆದು ಹೊಡೆಯುತ್ತಿದ್ದ, ಸುಧಾರಿಸಿಕೊಂಡ ಎನಿಸಿದರೆ ಬಿಗಿ ಮಾಡುತ್ತಿದ್ದ. ಊರಿನ ರೂಢಿಯಲ್ಲಿ ಒಬ್ಬನದು ಮೇಲಿನ ಕೇರಿ, ಇನ್ನೊಬ್ಬನದು ಕೆಳಗಿನ ಕೇರಿ. ಹೊಲದ ಬದುವಿನಲ್ಲಿ ಸಿಕ್ಕಾಗ "ಅಯ್ಯಾ" ಎನ್ನುತ್ತಿದ್ದ ಮುನಿಶಾಮಯ್ಯ, ತಮಟೆ ಕೊರಳಿಗೆ ಬಿದ್ದ ಕೂಡಲೇ "ಲೇ ಚೆಲುವ, ಎಡಗಾಲ್ ನೋಡ್ಕಳ್ಲಾ" ಎಂದು ಗದರುತ್ತಿದ್ದ. ಚೆಲುವಯ್ಯನಿಗೆ ಆ ಗದರಿಕೆ ಬೇಕಿತ್ತು. ಕುಣಿತದ ಹೊತ್ತು ಬಿಟ್ಟರೆ ಬೇರೆ ಹೊತ್ತಿನಲ್ಲಿ ಅದು ಅವನಿಗೆ ಸಿಗುತ್ತಿರಲಿಲ್ಲ ಎನ್ನುವುದು ನಮ್ಮ ಊರುಗಳ ನಾಚಿಕೆಗೇಡು, ಅದನ್ನೂ ಹೇಳಿಬಿಡುತ್ತೇನೆ.

ಸಕ್ಕರೆ ಕಾಯಿಲೆ ಮುನಿಶಾಮಯ್ಯನ ಕಣ್ಣು ತಿಂದುಹಾಕಿತು. ಮೊದಲು ಮಸುಕಾಯಿತು, ಆಮೇಲೆ ಪೂರ್ತಿ ಕತ್ತಲಾಯಿತು. ತಮಟೆಯನ್ನು ಮಗ ಶಿವಕುಮಾರನ ಕೈಗೆ ಕೊಟ್ಟು ಅವನು ಜಗಲಿ ಹಿಡಿದ. ಶಿವಕುಮಾರ ಬಸ್ ಕಂಡಕ್ಟರ್, ರಜೆ ಸಿಕ್ಕಾಗ ಬಾರಿಸುತ್ತಾನೆ, ಕೈಯಲ್ಲಿ ಕಸುವಿದೆ. ಆದರೆ ಊರಲ್ಲಿ ತಮಟೆ ಸದ್ದಾದರೆ ಸಾಕು, ಮುನಿಶಾಮಯ್ಯ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನ ಮನೆ ಮುಂದೆಯೇ ಬಂದು ಕುಣಿಯುತ್ತೇನೆಂದು ಚೆಲುವಯ್ಯ ಕೇಳಿ ನೋಡಿದ. "ಬ್ಯಾಡಿ ಅಯ್ಯಾ. ಪೂಜೆ ಬಂದ್ರೆ ಊರೇ ಬತ್ತದೆ. ಎಲ್ರೂ ಅಮ್ಮನ್ನ ಬುಟ್ಟು ನನ್ ಕಣ್ಣು ನೋಡ್ತಾರೆ" ಎಂದನಂತೆ. ಆಮೇಲೆ ಚೆಲುವಯ್ಯ ದಿನಾ ಸಂಜೆ ಹೋಗಿ ಆ ಜಗಲಿಯ ಮೇಲೆ ಕೂತು ಬರುತ್ತಿದ್ದ. ಏನು ಮಾತಾಡಿಸಿದರೂ "ಹ್ಞೂ ಅಯ್ಯಾ", "ಊಹ್ಞೂ ಅಯ್ಯಾ", ಇಷ್ಟೇ. ಗೆಳೆಯ ಎದುರಿಗೇ ಕೂತಿದ್ದರೂ ಇಲ್ಲವಾಗಿದ್ದ. ಅವನನ್ನು ವಾಪಸ್ಸು ತರಬೇಕು ಎನ್ನುವುದೊಂದೇ ಚೆಲುವಯ್ಯನ ತಲೆಯಲ್ಲಿ ಕೂತಿತ್ತು.

ಆ ಜಗಲಿಯ ಮೇಲೆ ಮುನಿಶಾಮಯ್ಯನ ಪಕ್ಕ ಯಾವಾಗಲೂ ಮಾತಾಡುತ್ತಿದ್ದದ್ದು ಒಂದು ರೇಡಿಯೋ. ಸಾತನೂರಿನಲ್ಲಿ ನಮ್ಮದೊಂದು ಪುಟ್ಟ ಬಾನುಲಿ ಕೇಂದ್ರವಿದೆ, 'ಮುಂಗೋಳಿ' ಎಂದು ಹೆಸರು. ಸರ್ಕಾರದ ನೆರವಿನಿಂದ ನಡೆಯುತ್ತದೆ. ರೇಷ್ಮೆ ಗೂಡಿನ ಮಾರುಕಟ್ಟೆ ಧಾರಣೆ, ಹಸು ಕಾಯಿಲೆಗೆ ಔಷಧಿ, ಬಾಣಂತಿ ಆರೈಕೆ, ನಡುನಡುವೆ ಹಾಡು. ಒಂದು ದಿನ ಅದರಲ್ಲಿ, ಈ ಭಾಗದ ಕಲೆಗಳ ಬಗ್ಗೆ ಸರಣಿ ಮಾಡಲು ಸರ್ಕಾರದಿಂದ ಅನುದಾನ ಬಂದಿದೆ, ಕಲಾವಿದರು ಬಂದು ಕಾಣಿ ಎಂದು ಹೇಳಿದರು. ಸೋಬಾನೆಯವರು ಬಂದರು, ಭಜನೆಯವರು ಬಂದರು. ಅವರ ಹಿಂದೆಯೇ ಚೆಲುವಯ್ಯನೂ ಹೋಗಿ ನಿಂತ.

ಕೇಂದ್ರ ನೋಡಿಕೊಳ್ಳುವ ಧನಲಕ್ಷ್ಮಿ ಕನಕಪುರದ ಹುಡುಗಿ, ಚುರುಕು. "ಅಲ್ಲ ಚೆಲುವಯ್ಯನೋರೇ, ಹೋದ ವರ್ಷ ಟೀವಿಯೋರು ಕರೆಯೋಕೆ ಬಂದಿದ್ರಂತೆ, ನೀವು ಒಲ್ಲೆ ಅಂದ್ರಂತೆ? ಕುಣಿತ ಟೀವಿಗೆ ಅಲ್ವಾ ಸರಿಹೋಗೋದು?" ಎಂದು ಕೇಳಿದಳು.

"ಟೀವಿ ಮುನಿಶಾಮಿಗೆ ಕಾಣಾಕಿಲ್ಲ ಕನವ್ವ. ರೇಡಿಯಾ ಆದ್ರೆ ಕೇಳ್ತನೆ."

ಧನಲಕ್ಷ್ಮಿ ಕುರ್ಚಿ ಎಳೆದು ಅವನನ್ನು ಕೂರಿಸಿದಳಂತೆ.

ಕಾರ್ಯಕ್ರಮಗಳನ್ನು ಒಪ್ಪುವುದಕ್ಕೆ ಕೇಂದ್ರದಲ್ಲೊಂದು ಸಮಿತಿಯಿದೆ. ಅದರಲ್ಲಿ ನಾನೂ ಇದ್ದೇನೆ, ನಿವೃತ್ತ ಹೆಡ್‌ಮಾಸ್ಟರ್ ಅನಂತರಾಜು ಮೇಷ್ಟ್ರೂ ಇದ್ದಾರೆ. ಮೇಷ್ಟ್ರು ಒಳ್ಳೆಯವರು, ಆದರೆ ಸರ್ಕಾರದ ಹಣ ಎಂದರೆ ತಮ್ಮ ಮನೆಯ ತುಪ್ಪದ ಡಬ್ಬಿಯಂತೆ ಕಾಯುತ್ತಾರೆ. "ನೋಡುವ ಕಲೆಯನ್ನು ಕೇಳಿಸುವುದು ಹೇಗಮ್ಮಾ? ಜನರ ತೆರಿಗೆ ಹಣ. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ನಾನೇನು ಹೇಳಲಿ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು, ಆದರೂ ನನಗೆ ರೇಗಿತು. ತೆರಿಗೆ ಹಣ ಎಂದರೆ ಯಾರ ಹಣ? ಚೆಲುವಯ್ಯ ಸೋಪು ಕೊಂಡಾಗ ಕೊಟ್ಟದ್ದು, ಮುನಿಶಾಮಯ್ಯ ಬೀಡಿ ಕೊಂಡಾಗ ಕೊಟ್ಟದ್ದು. ಧನಲಕ್ಷ್ಮಿ ಮಾತ್ರ ದನಿ ಏರಿಸದೆ ಹೇಳಿದಳು: "ಜಾಹೀರಾತು ಕೊಡೋರು ನೂರು ಜನ ಕೇಳೋ ಹಾಡಿಗೆ ಕೊಡ್ತಾರೆ ಸರ್. ಕಣ್ಣಿಲ್ಲದ ಒಬ್ಬರಿಗೆ ಕುಣಿತ ಕೇಳಿಸ್ತೀವಿ ಅಂದ್ರೆ ಯಾರೂ ಕೊಡಲ್ಲ. ಅಂಥದಕ್ಕೇ ಅಲ್ವಾ ಈ ಹಣ ಇರೋದು?" ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಸಲಕ್ಕೆ ನೋಡೋಣ" ಎಂದರು.

ಧ್ವನಿಮುದ್ರಣದ ದಿನ ಎಡವಟ್ಟು ಶುರುವಾದದ್ದು ಬಾಗಿಲಲ್ಲೇ. ಸ್ಟುಡಿಯೋದ ಬಾಗಿಲಲ್ಲಿ ದೇವಿಯ ಚೌಕಟ್ಟು ತೂರಲಿಲ್ಲ. ಮಲಗಿಸಿ ಒಳಗೆ ತರೋಣವೆಂದು ಧ್ವನಿ ಯಂತ್ರ ನೋಡಿಕೊಳ್ಳುವ ವಾಸಿಂ ಹೇಳಿದ್ದಕ್ಕೆ ಚೆಲುವಯ್ಯ ಕೆನ್ನೆ ಬಡಿದುಕೊಂಡ. ಅಮ್ಮನನ್ನು ಮಲಗಿಸುವುದುಂಟೇ? ಕೊನೆಗೆ ಅಂಗಳದಲ್ಲೇ ಎಂದು ತೀರ್ಮಾನವಾಯಿತು. ಮೇಷ್ಟ್ರಿಗೆ ಇನ್ನೊಂದು ಚಿಂತೆ. ರೇಡಿಯೋಗೆ ಇಷ್ಟೊಂದು ಅಲಂಕಾರ ಯಾಕೆ, ಇಷ್ಟೊಂದು ಸೀರೆ ಯಾಕೆ?

"ಬರೀ ಬಿದ್ರು ಹೊತ್ಕಂಡು ಕುಣಿದ್ರೆ ಅದು ಪೂಜೆ ಆದಾತಾ ಮೇಷ್ಟ್ರೇ? ಸೀರೆ ಗಾಳಿಗೆ ಪಟಪಟ ಅನ್ನೋದೂ ಅವ್ನಿಗೆ ಗೊತ್ತಾಯ್ತದೆ" ಎಂದ ಚೆಲುವಯ್ಯ.

ವಾಸಿಂ ಒಂದು ಪುಟ್ಟ ಮೈಕನ್ನು ಗೆಜ್ಜೆಯ ಮೇಲೆ ಕಾಲಿಗೆ ಕಟ್ಟಿದ, ಉಳುಕಿದ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ. ಇನ್ನೊಂದನ್ನು ತಮಟೆಯ ಎದುರಿಗೆ ಇಟ್ಟ. ಶಿವಕುಮಾರ ಪೆಟ್ಟು ಹಾಕಿದ. ಚೆಲುವಯ್ಯ ಚೆನ್ನಾಗಿಯೇ ಕುಣಿದ. ಆದರೆ ವಯಸ್ಸು ಅವನ ಮಂಡಿಯನ್ನು ಬಿಟ್ಟಿರಲಿಲ್ಲ. ಕೂತು ಏಳುವ ಆ ವರಸೆಗೆ ಬಂದ, ಇಳಿದ, ಏಳುವಾಗ ಮಂಡಿ ನಡುಗಿತು. ಶಿವಕುಮಾರನ ಕಣ್ಣು ಮೈಕಿನ ಮೇಲಿತ್ತು. ತಮಟೆ ತನ್ನ ಪಾಡಿಗೆ ಓಡುತ್ತಲೇ ಇತ್ತು. ದೇವಿ ಎಡಕ್ಕೆ ವಾಲಿತು. ಚೆಲುವಯ್ಯನ ಕೈ ಮೇಲೆ ಹೋಗಿ ಚೌಕಟ್ಟನ್ನು ಹಿಡಿಯಿತು.

ಕ್ಷಣ ಮಾತ್ರ. ಆಮೇಲೆ ಎದ್ದು ನಿಂತು ಮುಗಿಸಿದ. ವಾಸಿಂ ಸಮಾಧಾನಕ್ಕೆಂದು, "ಏನಾಗಲ್ಲ ಅಣ್ಣ, ರೇಡಿಯೋದಲ್ಲಿ ಕೈ ಕಾಣಲ್ಲ" ಎಂದ. ಇನ್ನೊಂದು ಸಲ ಮಾಡೋಣವೇ ಎಂದು ಧನಲಕ್ಷ್ಮಿ ಕೇಳಿದಳು. ಚೆಲುವಯ್ಯ ಮಂಡಿ ಹಿಡಿದುಕೊಂಡು ಕೂತಿದ್ದ. "ಆಗಾಕಿಲ್ಲ ಕನವ್ವ. ಆದದ್ದು ಆದಂಗೇ ಹೋಗ್ಲಿ" ಎಂದ. ಸಂಜೆ ಕಬ್ಬಾಳಮ್ಮನ ಗುಡಿಯಲ್ಲಿ ಕಾಯಿ ಒಡೆದು ಅಡ್ಡ ಬಿದ್ದನೆಂದು ಮುನಿಯಮ್ಮ ಆಮೇಲೆ ಹೇಳಿದಳು. ಅವತ್ತು ಅವಳು ಅವನನ್ನು ಬೈಯಲಿಲ್ಲವಂತೆ.

ಪ್ರಸಾರವಾದ ಭಾನುವಾರ ಬೆಳಿಗ್ಗೆ ನಾನೂ ಆ ಜಗಲಿಗೆ ಹೋದೆ. ಮುನಿಶಾಮಯ್ಯ ಗೋಡೆಗೆ ಒರಗಿದ್ದ. ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ ಹೊಸ್ತಿಲ ಬಳಿ, ಶಿವಕುಮಾರ ಕಂಬದ ಬಳಿ, ಚೆಲುವಯ್ಯ ಎದುರಿಗೆ ಕೂತಿದ್ದರು. ಯಾವ ಕಾರ್ಯಕ್ರಮವೆಂದು ಮುನಿಶಾಮಯ್ಯನಿಗೆ ಯಾರೂ ಹೇಳಿರಲಿಲ್ಲ. ತಮಟೆ ಸದ್ದು ಬಂದ ಕೂಡಲೇ ಅವನು ಏಳಲು ಹೋದ. ಅಷ್ಟರಲ್ಲಿ ಗೆಜ್ಜೆ ಕೇಳಿಸಿತು. ಎದ್ದವನು ಹಾಗೇ ಕೂತ.

ಅವನು ತನ್ನಷ್ಟಕ್ಕೆ ತಾನು ಮಾತಾಡತೊಡಗಿದ. "ಮೂಡ್ಲಾಗಡೆ ತಿರುಗ್ದ... ಗಾಳಿ ಎದುರ್ಗೈತೆ, ಸೀರೆ ಹಿಂದಕ್ಕೋಯ್ತು... ಎಡಗಾಲ್ ಎಳೀತಾ ಅವ್ನೆ, ಮಂಡಿ ನೋಯ್ತಾ ಐತೆ ಇವ್ನಿಗೆ..." ಅಂಗಳದಲ್ಲಿ ಕಣ್ಣುಬಿಟ್ಟುಕೊಂಡು ನಿಂತಿದ್ದ ನಾನು ಕಂಡದ್ದನ್ನೆಲ್ಲ ಅವನು ಗೋಡೆಗೊರಗಿಕೊಂಡು ಕಾಣುತ್ತಿದ್ದ. ಅವನ ಬೆರಳುಗಳು ಜಗಲಿಯ ಅಂಚಿನ ಮೇಲೆ ಆಡುತ್ತಿದ್ದವು. ವರಸೆ ಬಂತು. ಗೆಜ್ಜೆ ಇಳಿಯಿತು. ಎಲ್ಲೋ ಒಂದು ಪೆಟ್ಟಿನಷ್ಟು ಹೊತ್ತು ಗೆಜ್ಜೆ ನಿಂತು, ಮತ್ತೆ ಸೇರಿಕೊಂಡಿತು. ಕೈ ಮುಟ್ಟಿದ್ದನ್ನು ಕಂಡಿರದಿದ್ದರೆ ನಾನಂತೂ ಅದನ್ನು ಗಮನಿಸುತ್ತಿರಲಿಲ್ಲ.

ಮುನಿಶಾಮಯ್ಯನ ಬೆರಳು ನಿಂತವು.

"ಮುಟ್ಬುಟ್ಯೇನ್ಲಾ?"

ಇಷ್ಟು ದಿನ ಅಯ್ಯಾ ಅಯ್ಯಾ ಎಂದು ಸವೆದುಹೋಗಿದ್ದ ದನಿ ಅಲ್ಲ ಅದು. ಚೆಲುವಯ್ಯ, "ಹ್ಞೂ ಕಣ್ಲಾ, ಮುಟ್ಬುಟ್ಟೆ" ಎಂದ.

"ನಾನಿದ್ದಿದ್ರೆ ನಿನ್ ಕೈ ಮ್ಯಾಕ್ಕೆ ಹೋಯ್ತಿರ್ಲಿಲ್ಲ."

ಶಿವಕುಮಾರ ತಲೆ ತಗ್ಗಿಸಿದ. ಅದು ಹೇಗೋ ತಂದೆಗೆ ತಿಳಿಯಿತು. "ನಿಂದೇನ್ ತಪ್ಪಿಲ್ಲ ಮಗ, ನಿನ್ ಪೆಟ್ಟು ಚೆಂದಾಗೈತೆ. ಇವ್ನ್ ಮಂಡಿ ಸಾವಾಸ ನಂಗ್ ಗೊತ್ತು, ನಿಂಗ್ ಗೊತ್ತಿಲ್ಲ ಅಷ್ಟೆಯಾ" ಎಂದ.

"ಅಂಗಾದ್ರೆ ಬಾ" ಎಂದ ಚೆಲುವಯ್ಯ.

"ಕಣ್ ಕಾಣ್ದೋನು ತಮಟೆ ಇಡ್ಕಂಡು ಏನ್ ಮಾಡ್ಲಾ?"

"ಈಗ ಕಂಡ್ಯಲ್ಲಪ್ಪಾ!"

ರೇಡಿಯೋದಲ್ಲಿ ಗೂಡಿನ ಧಾರಣೆ ಶುರುವಾಗಿತ್ತು. ದೊಡ್ಡಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡು ಅದನ್ನು ಆರಿಸಿದಳು. ಮುನಿಶಾಮಯ್ಯ ಮಗನ ಕಡೆ ತಿರುಗಿ, "ಒಸಿ ಹುಲ್ ಹಚ್ಚಿ ತಮಟೆ ಕಾಯ್ಸು, ತಣ್ಣಗಾಗೋಗಿರ್ತದೆ" ಎಂದ.

ಆಮೇಲೆ ಮತ್ತೆ ಸಮಿತಿಯಲ್ಲಿ ಕೂತೆವು. ಅದೇ ಕುಣಿತ, ಅದೇ ಮನುಷ್ಯ, ಎರಡನೇ ಸಲ ಸರ್ಕಾರದ ಹಣ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಜಗಲಿಯಲ್ಲಿ ನಡೆದದ್ದನ್ನು ಹೇಳಿ ಮುಗಿಸಿದೆ. ಅನಂತರಾಜು ಮೇಷ್ಟ್ರು, "ಮೊದಲನೆಯದು ಒಬ್ಬನಿಗೆ ಕೇಳಿಸುವುದಕ್ಕೆ ಮಾಡಿದೆವು. ಅವನು ಕೇಳಿದ. ಇನ್ನು ಅವನು ಬಾರಿಸುವುದನ್ನು ನಾವು ಕೇಳಬೇಡವೇ? ಯಾರಾದರೂ ಪ್ರಶ್ನೆ ಕೇಳಿದರೆ ನಾನು ಉತ್ತರ ಹೇಳುತ್ತೇನೆ" ಎಂದರು. ಜಗಳಕ್ಕೆಂದು ಕೂಡಿಹಾಕಿಕೊಂಡು ಹೋಗಿದ್ದ ಮಾತುಗಳೆಲ್ಲ ನನ್ನಲ್ಲೇ ಉಳಿದವು.

ಈ ಸಲ ನೇರ ಪ್ರಸಾರ ಎಂದಳು ಧನಲಕ್ಷ್ಮಿ. ತಪ್ಪಾದರೆ ತಿದ್ದುವಂತಿಲ್ಲ. ಬೆಳಗಿನ ಬಿಸಿಲಿನಲ್ಲಿ ಅಂಗಳದ ತುಂಬ ಜನ. ನಟರಾಜು ಅಂಗಡಿಯ ಬಾಗಿಲು ಹಾಕಿ ಬಂದಿದ್ದ. ಕುಣಿತವನ್ನು ರೇಡಿಯೋದಲ್ಲಿ ಕೇಳುವುದು ಬಿಟ್ಟು ನೋಡಲು ಬಂದೆಯಾ ಎಂದು ನಾನು ಚುಚ್ಚಿದೆ. ಮುನಿಶಾಮಯ್ಯನನ್ನು ಮಗ ಕೈಹಿಡಿದು ಕರೆತಂದ. ಜನ ಅವನ ಕಣ್ಣು ನೋಡಿದರು, ನಿಜ. ತಮಟೆ ಕೊರಳಿಗೆ ಬಿದ್ದದ್ದೇ ಅವನು ಅವರನ್ನೆಲ್ಲ ಮರೆತ. ಚೆಲುವಯ್ಯನ ಗೆಜ್ಜೆ ಯಾವ ಕಡೆಯಿದೆಯೆಂದು ಕಿವಿಯಲ್ಲೇ ಹುಡುಕಿ ಆ ಕಡೆಗೆ ತಿರುಗಿ ನಿಂತ. ಮೊದಲ ಪೆಟ್ಟು ಬಿತ್ತು. ದೇವಿ ತಲೆಯೇರಿತು.

ಕುಣಿತ ಏರುತ್ತಾ ಹೋಯಿತು. ಚೆಲುವಯ್ಯ ಎಡಕ್ಕೆ ಸರಿದರೆ ಮುನಿಶಾಮಯ್ಯನ ಮುಖ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಸರಿದರೆ ಬಲಕ್ಕೆ. ಆ ವರಸೆ ಬಂತು. ಚೆಲುವಯ್ಯ ಇಳಿದ. ಮಂಡಿ ನೆಲಕ್ಕೆ ತಾಗಿತು. ಏಳಲು ಹೋದ, ಮಂಡಿ ನಡುಗಿತು, ಮೇಲೆ ಸೀರೆಯ ನೆರಿಗೆಗಳೆಲ್ಲ ನಡುಗಿದವು. ನನ್ನ ಪಕ್ಕದಲ್ಲಿದ್ದ ಮುನಿಯಮ್ಮ ನನ್ನ ತೋಳು ಹಿಡಿದುಕೊಂಡಳು.

ತಮಟೆ ನಿಂತುಹೋಯಿತು ಎಂದುಕೊಂಡೆ. ನಿಂತಿರಲಿಲ್ಲ. ಮುನಿಶಾಮಯ್ಯ ಪೆಟ್ಟನ್ನು ತಡೆದಿದ್ದ, ಕೋಲು ಚರ್ಮದ ಮೇಲೆ ಸುಮ್ಮನೆ ಮಿಡಿಯುತ್ತಿತ್ತು. ಅಷ್ಟು ಜನರ ನಡುವೆ ಅದೊಂದೇ ಸದ್ದು. ಆ ಮಿಡಿತ ಚೆಲುವಯ್ಯನನ್ನು ಅಲ್ಲೇ, ಅರ್ಧದಲ್ಲೇ, ಹಿಡಿದುಕೊಂಡು ನಿಲ್ಲಿಸಿತ್ತು. ಅವನ ಎರಡು ಕೈಗಳೂ ಪಕ್ಕದಲ್ಲಿ ಇಳಿಬಿದ್ದಿದ್ದವು. ನೆರಿಗೆಗಳು ಒಂದೊಂದಾಗಿ ನಡುಕ ಬಿಟ್ಟವು. ಆಗ ನಾನು ಅವನ ಮುಖ ನೋಡಿದೆ. ಚೆಲುವಯ್ಯ ಕಣ್ಣು ಮುಚ್ಚಿಕೊಂಡಿದ್ದ. ಬಾರಿಸುವವನಿಗೆ ಕಣ್ಣಿಲ್ಲ, ಕುಣಿಯುವವನು ಕಣ್ಣು ಮುಚ್ಚಿದ್ದಾನೆ, ಇಬ್ಬರ ನಡುವೆ ಅಮ್ಮ ಕದಲದೆ ನಿಂತಿದ್ದಾಳೆ. ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಆದರೂ ನನಗೆ ಅರಿವಿಲ್ಲದೆ ಕೈ ಮುಗಿದಿದ್ದೆ. ಒಂದು ಪೆಟ್ಟು ಬಿತ್ತು, ಗಟ್ಟಿಯಾಗಿ. ಅದರ ಜೊತೆಗೇ ಚೆಲುವಯ್ಯ ಎದ್ದು ನಿಂತ.

ಎಲ್ಲ ಮುಗಿದು, ದೇವಿಯನ್ನು ಕಂಬಳಿಯ ಮೇಲೆ ಇಳಿಸಿ, ಜನ ಚದುರಿದ ಮೇಲೆ ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಟೀ ನಟರಾಜುವೇ ತಂದುಕೊಟ್ಟಿದ್ದ. ಮುನಿಶಾಮಯ್ಯನ ಒಂದು ಕೈ ಚೆಲುವಯ್ಯನ ಮಂಡಿಯ ಮೇಲಿತ್ತು. ನಾನು ಹೋಗಿ, ಅಂಥ ಹೊತ್ತಿನಲ್ಲಿ ಕಣ್ಣು ಯಾಕಯ್ಯಾ ಮುಚ್ಚಿಕೊಂಡೆ, ಬಿದ್ದಿದ್ದರೆ ಏನು ಗತಿ ಎಂದು ಗದರಿದೆ.

"ಹೋದ್ಸಲ ನಾನೇ ನೋಡ್ಕಳಾಕೋಗಿ ಹೆದರ್ಕಂಡು ಕೈ ಎತ್ಬುಟ್ಟೆ ಸಾ" ಎಂದ ಚೆಲುವಯ್ಯ. "ಅದ್ಕೇ ಈ ಸಲ ನೋಡೋ ಕೆಲ್ಸ ಇವ್ನಿಗೇ ಬುಟ್ಬುಟ್ಟೆ."